ಸುಂಕದ ಮೇಜಿಗೆ ಕೂರುವ ಮುನ್ನ: 1886ರ ಹಾಂಗ್‌ಕಾಂಗ್ ಆಟ ಆಡುವವರಿಗೆ

ನನ್ನ ಅಪ್ಪ ಮಾಜಾಳಿ ಗಡಿಯಲ್ಲಿ ಸುಂಕದ ಪೇದೆಯಾಗಿದ್ದರು. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಕಾಲ. ಆ ಕಡೆ ಅಗ್ಗ, ಈ ಕಡೆ ತುಟ್ಟಿ, ನಡುವೆ ಅಪ್ಪ. ಮೀನಿನ ಬುಟ್ಟಿಯ ತಳದಲ್ಲಿ ವಾಚುಗಳು ಸಿಕ್ಕ ಕತೆಯನ್ನು ಅವರು ನೂರು ಸಲವಾದರೂ ಹೇಳಿರಬೇಕು. ಶಾಲೆಯಲ್ಲಿ ಮೇಷ್ಟ್ರು "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ" ಎಂಬ ಗಾದೆ ಹೇಳಿದಾಗೆಲ್ಲ ಹುಡುಗರು ನನ್ನತ್ತ ತಿರುಗಿ ನಗುತ್ತಿದ್ದರು. ಆ ಸಿಟ್ಟು ಎಲ್ಲೋ ಉಳಿದಿತ್ತೋ ಏನೋ. ಇತಿಹಾಸದ ಮೇಡಂ ಆದ ಮೇಲೆ ನಾನು ಜಾಸ್ತಿ ಓದಿದ್ದು ಸುಂಕದ ಕತೆಗಳನ್ನೇ.

ಅದರಿಂದ ಹುಟ್ಟಿದ್ದು ಈ ತರಗತಿ ಆಟ. ನಾಲ್ಕು ಕುರ್ಚಿ, ಒಂದು ಮೇಜು, ಒಂದು ಮಧ್ಯಾಹ್ನ. 1886ರಲ್ಲಿ ಹಾಂಗ್‌ಕಾಂಗಿನಲ್ಲಿ ಕೂತವರ ಜಾಗದಲ್ಲಿ ಮಕ್ಕಳು ಕೂತು ಬ್ರಿಟಿಷರ ಹಾಂಗ್‌ಕಾಂಗಿಗೂ ಚೀನಾಕ್ಕೂ ನಡುವೆ ಅಫೀಮಿನ ಸುಂಕದ ಒಪ್ಪಂದ ಮಾಡಿಕೊಳ್ಳಬೇಕು. ನಾನು ನಿವೃತ್ತಳಾಗಿ ವರ್ಷಗಳಾದವು, ಆದರೂ ಬೇರೆ ಬೇರೆ ಕಾಲೇಜಿನವರು "ಮೇಡಂ, ಹೇಗೆ ಆಡಿಸೋದು, ಹೇಗೆ ಗೆಲ್ಲೋದು" ಎಂದು ಕೇಳುತ್ತಲೇ ಇರುತ್ತಾರೆ. ಆಡಿಸುವುದು ಸುಲಭ. ಕೂತು ಮಾತಾಡುವುದು ಕಷ್ಟ. ಅದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ನಕ್ಷೆ ಬಿಡಿಸಿ. ಪಠ್ಯಪುಸ್ತಕದ ನಕ್ಷೆ ಸಾಲದು, ನಿಮ್ಮ ಕೈಯಿಂದಲೇ ಬಿಡಿಸಿ. ನಡುವೆ ಹಾಂಗ್‌ಕಾಂಗ್ ದ್ವೀಪ. 1841ರಿಂದ ಅದು ತೆರೆದ ಬಂದರು, ಬರುವ ಮಾಲಿಗೆ ಸುಂಕವಿಲ್ಲ. ಎದುರಿಗೆ ಕೌಲೂನ್. ಅದರ ತುದಿ 1860ರಲ್ಲಿ ಬ್ರಿಟಿಷರಿಗೆ ಹೋಗಿದೆ, ಅಲ್ಲಿಂದ ಮೇಲೆ ಎಲ್ಲ ಚೀನಾ. ಪಶ್ಚಿಮದಲ್ಲಿ ಮಾ ವಾನ್ ಎಂಬ ಪುಟ್ಟ ದ್ವೀಪ ಗುರುತು ಮಾಡಿ. ಅದರ ಪಕ್ಕದ ಇಕ್ಕಟ್ಟಿನ ಜಲಸಂಧಿಯಿಂದಲೇ ಕ್ಯಾಂಟನ್ (ಈಗಿನ ಗ್ವಾಂಗ್‌ಝೌ) ಕಡೆಗೆ ಹೋಗುವ ಜಂಕ್ ಎಂಬ ಚೀನಾದ ಹಾಯಿ ಹಡಗುಗಳು ದಾಟಬೇಕು. ನೈಋತ್ಯಕ್ಕೆ ಚೆಂಗ್ ಚಾವ್. ಪೂರ್ವಕ್ಕೆ ಫಾಟ್ ತಾವ್ ಚಾವ್. ಉತ್ತರಕ್ಕೆ ಕೌಲೂನ್ ಕೋಟೆ. ಈ ನಾಲ್ಕೂ ಕಡೆ ಒಂದೊಂದು ಚುಕ್ಕಿ ಇಡಿ. ಅವು ಚೀನಾದ ಸುಂಕದ ಕಟ್ಟೆಗಳು.

ಚುಕ್ಕಿ ಇಟ್ಟ ಕೂಡಲೇ ಜಗಳ ಏನೆಂದು ಕಣ್ಣಿಗೆ ಕಾಣುತ್ತದೆ. ಬಂದರಿನೊಳಗೆ ಸುಂಕವಿಲ್ಲ, ಆದರೆ ಬಾಗಿಲು ದಾಟಿದರೆ ನಾಲ್ಕೂ ಕಡೆ ಸುಂಕದವನು. 1868ರ ಸುಮಾರಿಗೆ ಶುರುವಾದ ಈ ಕಾವಲನ್ನು ಹಾಂಗ್‌ಕಾಂಗ್ ವ್ಯಾಪಾರಿಗಳು 'ದಿಗ್ಬಂಧನ' ಎಂದು ಬೈಯುತ್ತಿದ್ದರು. ಗಸ್ತಿನ ದೋಣಿಗಳು ಒಳ್ಳೆಯ ಜಂಕನ್ನೂ ತಡೆದು ಪೀಡಿಸುತ್ತವೆ ಎಂಬುದು ಅವರ ದೂರು. ಚೀನಾದವರ ಮಾತು ಇನ್ನೂ ನೇರ: ನಿಮ್ಮ ಬಂದರೇ ಕಳ್ಳಸಾಗಣೆಯ ಗೋದಾಮು. ಇಬ್ಬರ ಮಾತೂ ನಿಜ. ಇದನ್ನು ಒಪ್ಪಿಕೊಳ್ಳದೆ ಮೇಜಿಗೆ ಕೂತರೆ ಅರ್ಧ ದಿನ ಭಾಷಣದಲ್ಲೇ ಹೋಗುತ್ತದೆ.

ಇನ್ನು ಮಾಲು. ಯಾವ ಸರಕಿನ ಬಗ್ಗೆ ಮಾತಾಡುತ್ತಿದ್ದೀರಿ ಎಂದು ಗೊತ್ತಿರಬೇಕು, ಕೈಯಲ್ಲಿ ಹಿಡಿದಷ್ಟು ಚೆನ್ನಾಗಿ. ಇಲ್ಲಿ ಸರಕು ಅಫೀಮು. ಅದೂ ನಮ್ಮ ದೇಶದ್ದೇ: ಪಟ್ನಾ, ಬನಾರಸ್, ಮಾಳ್ವ. ಒಂದು ಪಟ್ನಾ ಪೆಟ್ಟಿಗೆಯಲ್ಲಿ 40 ಉಂಡೆ. ಪೆಟ್ಟಿಗೆಯನ್ನು ಬಚ್ಚಿಡುವುದು ಕಷ್ಟ, ಎತ್ತಲು ಇಬ್ಬರು ಬೇಕು. ಉಂಡೆಯನ್ನು ಬಚ್ಚಿಡುವುದು ಸುಲಭ. ಅಕ್ಕಿ ಮೂಟೆಯೊಳಗೆ, ಹಾಯಿಯ ಮಡಿಕೆಯಲ್ಲಿ, ಮೀನಿನ ಬುಟ್ಟಿಯ ತಳದಲ್ಲಿ ಎಲ್ಲಿ ಬೇಕಾದರೂ ಇಡಬಹುದು. ಅಪ್ಪನಿಗೆ ಇದನ್ನು ಹೇಳಿದ್ದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದರು: "ಪೆಟ್ಟಿಗೆ ಒಡೆಯೋಕೆ ಬಿಡಬೇಡ."

1886ರಲ್ಲಿ ಆಗಿದ್ದೂ ಅದೇ. ಆ ಒಪ್ಪಂದದ ಜೀವಾಳ ಈ ಒಂದು ಸಾಲು: ಒಂದು ಪೆಟ್ಟಿಗೆಗಿಂತ ಕಡಿಮೆ ಹಸಿ ಅಫೀಮನ್ನು ಹಾಂಗ್‌ಕಾಂಗಿಗೆ ತರುವಂತಿಲ್ಲ, ಅಲ್ಲಿಂದ ಒಯ್ಯುವಂತಿಲ್ಲ, ಅಫೀಮು ಗುತ್ತಿಗೆದಾರನನ್ನು ಬಿಟ್ಟು ಬೇರೆ ಯಾರೂ ಇಟ್ಟುಕೊಳ್ಳುವಂತಿಲ್ಲ. ಇದರಲ್ಲಿ ದರದ ಮಾತೇ ಇಲ್ಲ, ಪಹರೆಯ ಮಾತೂ ಇಲ್ಲ. ಕಳ್ಳನಿಗೆ ಬೇಕಾದ ಅಳತೆಯನ್ನೇ ಕಾನೂನಿನಿಂದ ಕಿತ್ತುಹಾಕಿದ್ದಾರೆ ಅಷ್ಟೆ. ಆಟದಲ್ಲಿ ನಿಮ್ಮ ಗುಂಪು ಬೇರೆ ಸರಕು ಆರಿಸಿಕೊಂಡರೂ ಇದೇ ಪ್ರಶ್ನೆ ಕೇಳಿಕೊಳ್ಳಿ. ಕದಿಯುವವನಿಗೆ ಯಾವ ಅಳತೆ ಅನುಕೂಲ? ಉಪ್ಪಾದರೆ ಬೇರೆ, ಸೀಮೆಎಣ್ಣೆಯಾದರೆ ಬೇರೆ.

ದರದ ವಿಷಯ ಈಗ ಹೇಳಿಬಿಡುತ್ತೇನೆ, ಯಾಕೆಂದರೆ ಪ್ರತಿ ವರ್ಷ ಮಕ್ಕಳು ಮುಗ್ಗರಿಸುವುದು ಇಲ್ಲೇ. ಕೂತ ಕೂಡಲೇ "ನೂರು ಕೊಡ್ತೀವಿ", "ಇಲ್ಲ, ನೂರಿಪ್ಪತ್ತು" ಎಂದು ಚೌಕಾಸಿ ಶುರು, ಕಾರವಾರದ ಮೀನು ಮಾರ್ಕೆಟ್ ಥರ. ಒಂದು ವರ್ಷ ಎರಡೂವರೆ ಗಂಟೆ ಇದರಲ್ಲೇ ಕಳೆದು, ಒಪ್ಪಂದದಲ್ಲಿ ಬರೀ ಒಂದು ಅಂಕಿ ಬರೆದು ಸಹಿ ಹಾಕಿದರು. ಅದನ್ನು ಯಾರು ವಸೂಲಿ ಮಾಡುತ್ತಾರೆ, ಎಲ್ಲಿ ನಿಂತು ಮಾಡುತ್ತಾರೆ ಅಂದರೆ ಯಾರ ಬಳಿಯೂ ಉತ್ತರವಿಲ್ಲ!

ನಿಜವಾದ ಮಾತುಕತೆಯಲ್ಲಿ ದರ ಮೇಜಿನ ಮೇಲೆ ಇರಲೇ ಇಲ್ಲ. 1876ರಲ್ಲಿ ಚೀಫೂ ಒಪ್ಪಂದದಲ್ಲಿ ಬ್ರಿಟನ್ನಿನ ಪ್ರತಿನಿಧಿ ಥಾಮಸ್ ವೇಡ್ ಮತ್ತು ಚೀನಾದ ಪ್ರತಿನಿಧಿ ಲಿ ಹೊಂಗ್‌ಝಾಂಗ್ ಈ ವಿಷಯಕ್ಕೆ ಒಂದು ಸಮಿತಿ ಕೂರಬೇಕು ಎಂದು ಬರೆದರು. ಆಮೇಲೆ ಸುಮಾರು ಒಂಬತ್ತು ವರ್ಷ ಏನೂ ಆಗಲಿಲ್ಲ. ಅಫೀಮಿನ ಮೇಲೆ ಚೀನಾ ಜಾಸ್ತಿ ತೆರಿಗೆ ಹಾಕಿದರೆ ಇಂಡಿಯಾ ಸರ್ಕಾರದ ಖಜಾನೆಗೆ ಪೆಟ್ಟು ಎಂಬ ಹೆದರಿಕೆ ಅದಕ್ಕೊಂದು ದೊಡ್ಡ ಕಾರಣ. ಕೊನೆಗೆ 1885ರ ಜುಲೈ 18ರಂದು ಲಂಡನ್ನಿನಲ್ಲಿ ಚೀನಾದ ರಾಯಭಾರಿ ಝೆಂಗ್ ಜಿಝೆ ಜೊತೆ ಸಹಿಯಾಯಿತು. ನೂರು ಕ್ಯಾಟಿ ತೂಕದ ಪೆಟ್ಟಿಗೆಗೆ ಸುಂಕ 30 ಟೇಲ್, ಲಿಕಿನ್ 80 ಟೇಲ್, ಒಟ್ಟು 110. ಟೇಲ್ ಅಂದರೆ ಹಣವಾಗಿ ಬಳಸುತ್ತಿದ್ದ ಬೆಳ್ಳಿಯ ಒಂದು ತೂಕ. ಲಿಕಿನ್ ಅಂದರೆ ಒಳನಾಡಿನ ದಾರಿಯುದ್ದಕ್ಕೂ ಪ್ರಾಂತ್ಯದವರು ಹಾಕುತ್ತಿದ್ದ ತೆರಿಗೆ. ನೂರು ಕ್ಯಾಟಿ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 60 ಕಿಲೋ. ದೊಡ್ಡವರು ದೂರದಲ್ಲಿ ಕೂತು ದರ ಮುಗಿಸಿದ್ದರಿಂದಲೇ ಹಾಂಗ್‌ಕಾಂಗಿನ ನಾಲ್ವರು ಕೆಲಸದ ಮಾತು ಆಡಲು ಸಾಧ್ಯವಾಯಿತು. ಹಾಗಾಗಿ ಈಗ ನಾನು 110 ಎಂದು ಕರಿಹಲಗೆ ಮೇಲೆ ಬರೆದುಬಿಟ್ಟೇ ಆಟ ಶುರು ಮಾಡಿಸುತ್ತೇನೆ. ನೀವೂ ಹಾಗೇ ಮಾಡಿ. ಜೊತೆಗೆ ಯಾವ ತೂಕದ ಟೇಲ್ ಎಂದೂ ಬರೆಯಿರಿ, ಚೀನಾದಲ್ಲಿ ಟೇಲ್ ಒಂದೇ ಇರಲಿಲ್ಲ. ಸುಂಕ ಕಟ್ಟುವ ಹೈಕ್ವಾನ್ ಟೇಲ್ ಬೇರೆಯೇ. ನಮ್ಮಲ್ಲಿ ಊರಿಗೊಂದು ಸೇರು ಇದ್ದ ಹಾಗೆ.

ಈಗ ಕುರ್ಚಿಗಳು.

ಚೀನಾದ ಕಡೆ ಇಬ್ಬರು: ರಾಬರ್ಟ್ ಹಾರ್ಟ್ ಮತ್ತು ಶಾಂಘಾಯಿಯ ತಾವೋತಾಯ್ (ಅಲ್ಲಿನ ಆಡಳಿತಾಧಿಕಾರಿ) ಶಾವೊ ಯೂಲಿಯೆನ್. ಬ್ರಿಟಿಷರ ಕಡೆ ಇಬ್ಬರು: ಹಾಂಗ್‌ಕಾಂಗಿನ ನ್ಯಾಯಾಧೀಶ ಜೇಮ್ಸ್ ರಸೆಲ್, ಟಿಯಂಟ್ಸಿನ್ನಿನ ಬ್ರಿಟಿಷ್ ಕಾನ್ಸಲ್ ಬೈರನ್ ಬ್ರೆನನ್. ಹಾರ್ಟ್ ಐರ್ಲೆಂಡಿನವನು, 1863ರಿಂದ ಚೀನಾ ಸುಂಕ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್. ಅಂದರೆ ಚೀನಾದ ಪರ ಮಾತಾಡುವವನೂ ಬ್ರಿಟಿಷ್ ಪ್ರಜೆಯೇ. ಮಕ್ಕಳು ಇದನ್ನು ಕೇಳಿ "ಹಾಗಾದ್ರೆ ಮೋಸ ಅಲ್ವಾ ಮೇಡಂ" ಅನ್ನುತ್ತಾರೆ. ಅಷ್ಟು ಸುಲಭ ಅಲ್ಲ. ಹಾರ್ಟ್ ಯಾರ ಸಂಬಳ ತಿನ್ನುತ್ತಾನೆ, ಯಾರ ಖಜಾನೆ ತುಂಬಿದರೆ ಅವನ ಇಲಾಖೆ ಬೆಳೆಯುತ್ತದೆ ಎಂದು ನೋಡಿ.

ಪ್ರತಿ ಕುರ್ಚಿಯ ಹಿಂದೆ ಕಾಣದ ಕುರ್ಚಿಗಳಿವೆ. ಅವನ್ನು ಪಟ್ಟಿ ಮಾಡದೆ ಮಾತಿಗೆ ಇಳಿಯಬೇಡಿ. ಹಾರ್ಟ್ ಹಿಂದೆ ಪೀಕಿಂಗ್ (ಈಗಿನ ಬೀಜಿಂಗ್), ಅಂದರೆ ಚೀನಾದ ಕೇಂದ್ರ ಸರ್ಕಾರ ಇದೆ. ಆದರೆ ಆ ನಾಲ್ಕು ಕಟ್ಟೆಗಳು ಅವನವಲ್ಲ. ಅವು ಕ್ಯಾಂಟನ್ನಿನ ಪ್ರಾಂತ್ಯದವರದು ಮತ್ತು ಹೊಪ್ಪೊ ಎಂಬ ಅಲ್ಲಿನ ಸುಂಕಾಧಿಕಾರಿಯದು. ಆ ಕಟ್ಟೆಗಳನ್ನು ಅವರ ಕೈಯಿಂದ ತನ್ನ ಇಲಾಖೆಗೆ ತಂದರೆ ಹಣ ಪೀಕಿಂಗಿಗೆ ಹೋಗುತ್ತದೆ. ಅಂದರೆ ಹಾರ್ಟ್‌ನ ನಿಜವಾದ ಎದುರಾಳಿ ಮೇಜಿನ ಆಚೆ ಇಲ್ಲ, ಅವನ ಬೆನ್ನ ಹಿಂದೆಯೇ ಇದ್ದಾನೆ. ರಸೆಲ್ ಪಾತ್ರ ಮಾಡುವವರು ಇದನ್ನು ಹಿಡಿದುಕೊಂಡರೆ ಆಟ ಅರ್ಧ ಗೆದ್ದ ಹಾಗೆ. "ಗಸ್ತಿನ ದೋಣಿಗಳ ಪೀಡೆ ಹೋಗಬೇಕಾದರೆ ನಿಮ್ಮಂಥ ಶಿಸ್ತಿನ ಇಲಾಖೆಯೇ ಇದನ್ನು ವಹಿಸಿಕೊಳ್ಳಬೇಕು" ಎಂದು ಒಂದು ಮಾತು ಬಿಟ್ಟು ನೋಡಿ. ಹಾರ್ಟ್‌ಗೆ ಬೇಕಾದ್ದನ್ನು ನೀವೇ ಕೇಳಿದಂತಾಯಿತು. ಅದಕ್ಕೆ ಪ್ರತಿಯಾಗಿ ನೀವು ಬೇರೆ ಏನಾದರೂ ಕೇಳಬಹುದು.

ರಸೆಲ್ ಹಿಂದೆ ಯಾರು? ವ್ಯಾಪಾರಿಗಳು, ಗವರ್ನರ್ ಕಚೇರಿ, ಮತ್ತು ಆ ಅಫೀಮು ಗುತ್ತಿಗೆದಾರ. ನಮ್ಮಲ್ಲಿ ಹೆಂಡದ ಗುತ್ತಿಗೆ ಇರಲಿಲ್ಲವೇ, ಅದೇ ಥರ. ಹಾಂಗ್‌ಕಾಂಗಿನಲ್ಲಿ ಕುದಿಸಿ ಸಿದ್ಧ ಮಾಡಿದ ಅಫೀಮು ಮಾರುವ ಹಕ್ಕನ್ನು ಸರ್ಕಾರದಿಂದ ದುಡ್ಡು ಕೊಟ್ಟು ಹಿಡಿದವನು. ಕಳ್ಳ ಮಾಲು ಬಂದರೆ ಅವನ ಹೊಟ್ಟೆಗೂ ಹೊಡೆತ. ಅವನನ್ನು ನಿಮ್ಮ ಕಾವಲುಗಾರನಾಗಿ ಮಾಡಿಕೊಳ್ಳಿ. ಒಪ್ಪಂದದಲ್ಲಿ ಅದನ್ನೇ ಮಾಡಿದರು: ಬಂದ ಅಫೀಮನ್ನೆಲ್ಲ ಬಂದರು ಅಧಿಕಾರಿಗೆ ವರದಿ ಮಾಡಬೇಕು. ಅವನ ರಹದಾರಿ ಇಲ್ಲದೆ, ಗುತ್ತಿಗೆದಾರನಿಗೆ ತಿಳಿಸದೆ ಇಳಿಸುವ ಹಾಗಿಲ್ಲ, ಗೋದಾಮಿಗೆ ಹಾಕುವ ಹಾಗಿಲ್ಲ, ಒಂದು ಹಡಗಿನಿಂದ ಇನ್ನೊಂದಕ್ಕೆ ಸಾಗಿಸುವ ಹಾಗಿಲ್ಲ. ತರುವವರು, ಕಳಿಸುವವರು, ಗೋದಾಮಿನವರು ಲೆಕ್ಕದ ಪುಸ್ತಕ ಇಡಬೇಕು. ಜಂಕುಗಳು ರಾತ್ರಿ ಹೊರಡುವ ನಿಯಮವನ್ನೂ ಬಿಗಿ ಮಾಡಬೇಕು. ಹಣ ಕೊಟ್ಟು ನೇಮಿಸಿದ ಪೇದೆಗಿಂತ ತನ್ನ ದುಡ್ಡಿಗಾಗಿ ಕಣ್ಣಿಡುವವನು ಚೆನ್ನಾಗಿ ಕಾಯುತ್ತಾನೆ. ಪೇದೆಯ ಮಗಳಾಗಿ ಇದನ್ನು ಬೇಸರದಿಂದಲೇ ಹೇಳುತ್ತಿದ್ದೇನೆ.

ಮುಂದೆ ಬರುವುದು ಎಲ್ಲಕ್ಕಿಂತ ಸೂಕ್ಷ್ಮ: ಸುಂಕದವನು ಎಲ್ಲಿ ಕೂರಬೇಕು?

ಚೀನಾದ ಸುಂಕದ ಕಚೇರಿ ಬ್ರಿಟಿಷ್ ವಸಾಹತಿನ ಒಳಗೆ ಕೂತು ತೆರಿಗೆ ಎತ್ತುವುದನ್ನು ಹಾಂಗ್‌ಕಾಂಗ್ ಒಪ್ಪುವುದಿಲ್ಲ. ಮರ್ಯಾದೆಯ ಪ್ರಶ್ನೆ. ಆದರೆ ವ್ಯಾಪಾರಿ, ಅವನ ಗೋದಾಮು, ಅವನ ಬ್ಯಾಂಕು ಎಲ್ಲ ಒಳಗೇ ಇವೆ. ಒಪ್ಪಂದ ಹೇಳಿದ್ದು: ಕಚೇರಿ ಕೌಲೂನಿನ ಚೀನಾ ನೆಲದ ಮೇಲೆ ಇರಲಿ, ಹಾರ್ಟ್‌ನ ಇಲಾಖೆಯ ಅಧಿಕಾರಿ ಅಲ್ಲಿ ಸುಂಕದ ಪ್ರಮಾಣಪತ್ರ ಮಾರಲಿ. ಯಾರು ಬಂದರೂ, ಎಷ್ಟು ಪೆಟ್ಟಿಗೆಗೆ ಕೇಳಿದರೂ, 110 ಟೇಲಿಗೆ ಕೊಡಲಿ. ಆ ಚೀಟಿ ಇದ್ದ ಪೆಟ್ಟಿಗೆಗೆ ಮುಂದೆ ಚೀನಾದಲ್ಲಿ ಬೇರೆ ತೆರಿಗೆ ಇಲ್ಲ. ವ್ಯಾಪಾರಿಗೆ ಇದು ಲಾಭವೇ. ದಾರಿಯಲ್ಲಿ ಹತ್ತು ಕಡೆ ಕೈ ಒಡ್ಡುವವರ ಬದಲು ಒಂದೇ ಕಡೆ ಒಂದೇ ರಶೀದಿ.

1887ರ ಏಪ್ರಿಲ್‌ನಲ್ಲಿ 'ಕೌಲೂನ್ ಸುಂಕ ಕಚೇರಿ' ಶುರುವಾಯಿತು. ಹೆಸರು ಕೌಲೂನ್, ಆದರೆ ಕಮಿಷನರ್ ಕೂತು ಕೆಲಸ ಮಾಡಿದ್ದು ಹಾಂಗ್‌ಕಾಂಗ್ ದ್ವೀಪದ ವಿಕ್ಟೋರಿಯಾ ನಗರದಲ್ಲಿ! ಕಾಗದದ ಮೇಲೆ ಮರ್ಯಾದೆ ಉಳಿಯಿತು, ನೆಲದ ಮೇಲೆ ಕೆಲಸ ನಡೆಯಿತು. ಆಟದಲ್ಲಿ ಎರಡೂ ಕಡೆಯವರು ಜಾಗದ ವಿಷಯಕ್ಕೆ ಹಟ ಹಿಡಿದಾಗ ನಾನು ಇದನ್ನೇ ನೆನಪಿಸುತ್ತೇನೆ. ಹೆಸರು ಒಬ್ಬರಿಗೆ ಕೊಡಿ, ಅನುಕೂಲ ಇನ್ನೊಬ್ಬರಿಗೆ ಕೊಡಿ. ಎರಡನ್ನೂ ಒಬ್ಬರೇ ಕೇಳಿದರೆ ಮಾತು ಮುರಿಯುತ್ತದೆ.

ದೂರಿನ ಕಲಮು ಮರೆಯಬೇಡಿ. ಇದನ್ನು ಬರೆದ ಗುಂಪು ನನ್ನ ತರಗತಿಯಲ್ಲಿ ಎರಡೇ ಎರಡು. ಗಸ್ತಿನ ದೋಣಿ ಒಂದು ಜಂಕನ್ನು ಹಿಡಿಯಿತು, ಮಾಲಿಕ ತಾನು ತಪ್ಪು ಮಾಡಿಲ್ಲ ಅನ್ನುತ್ತಾನೆ. ಈಗ ಯಾರ ಹತ್ತಿರ ಹೋಗಬೇಕು? ಹಿಡಿದವನ ಹತ್ತಿರವೇ ಹೋಗಿ ಅಳಬೇಕೇ? ಗಾದೆ ಹುಟ್ಟಿದ್ದೇ ಅಲ್ಲಿ. 1886ರವರು ಚೆನ್ನಾಗಿ ಯೋಚಿಸಿದ್ದರು. ಕೌಲೂನಿನ ಅಧಿಕಾರಿ ದೂರು ವಿಚಾರಿಸಿ ಇತ್ಯರ್ಥ ಮಾಡಬೇಕು. ಬೇಕೆನಿಸಿದರೆ ಹಾಂಗ್‌ಕಾಂಗ್ ಗವರ್ನರ್ ತನ್ನ ಅಧಿಕಾರಿಯೊಬ್ಬನನ್ನು ವಿಚಾರಣೆಗೆ ಜೊತೆಯಾಗಿ ಕಳಿಸಬಹುದು. ಇಬ್ಬರಿಗೂ ಹೊಂದಾಣಿಕೆ ಆಗದಿದ್ದರೆ ವಿಷಯ ಪೀಕಿಂಗಿಗೆ. ಮೂರು ಮೆಟ್ಟಿಲು, ಪ್ರತಿ ಮೆಟ್ಟಿಲಲ್ಲೂ ಇಂಥವನೇ ಎಂದು ಗುರುತು. ನೀವು ಬರೆಯುವಾಗಲೂ "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂದು ಬರೆದು ಕೈ ತೊಳೆಯಬೇಡಿ. ಯಾರು, ಎಲ್ಲಿ, ಯಾರ ಎದುರು ಎಂದು ಬರೆಯಿರಿ. ನನ್ನ ಪಿಂಚಣಿಯ ಕಡತ ಒಂದು ಕಚೇರಿಯಲ್ಲಿ ಹದಿನಾಲ್ಕು ತಿಂಗಳು "ಸೂಕ್ತ ಕ್ರಮ"ದಲ್ಲೇ ಮಲಗಿತ್ತು, ಹಾಗಾಗಿ ಈ ಪದದ ಮೇಲೆ ನನಗೆ ಸ್ವಲ್ಪ ಹಳೆಯ ಕೋಪ.

ಇನ್ನೆರಡು ಚಿಕ್ಕ ಕಲಮು. ಒಂದು, ಹಿಂದೆ ಸರಿಯುವ ಬಾಗಿಲು. ಈ ಏರ್ಪಾಡಿನಿಂದ ತನ್ನ ಆದಾಯಕ್ಕೋ ನ್ಯಾಯವಾದ ವ್ಯಾಪಾರಕ್ಕೋ ಪೆಟ್ಟು ಬಿದ್ದರೆ ಕಾನೂನನ್ನು ರದ್ದು ಮಾಡುವ ಹಕ್ಕನ್ನು ಹಾಂಗ್‌ಕಾಂಗ್ ಉಳಿಸಿಕೊಂಡಿತು. ಇನ್ನೊಂದು, ಪಕ್ಕದ ಮನೆಯ ಲೆಕ್ಕ. ಹಾಂಗ್‌ಕಾಂಗ್ ಜಂಕುಗಳ ಮೇಲೆ ಬೀಳುವ ಸುಂಕ, ಹತ್ತಿರದಲ್ಲೇ ಪೋರ್ಚುಗೀಸರ ಕೈಯಲ್ಲಿದ್ದ ಮಕಾವು ಬಂದರಿನ ಜಂಕುಗಳದ್ದಕ್ಕಿಂತ ಜಾಸ್ತಿ ಇರಬಾರದು.

ಮಕಾವು! ಇಲ್ಲೇ ನಿಜವಾದ ಗುಂಡಿ ಇರುವುದು, ಇಲ್ಲಿ ಸ್ವಲ್ಪ ನಿಧಾನ ಹೋಗಿ.

ಹಾಂಗ್‌ಕಾಂಗಿನವರು ಸರಿಯಾಗೇ ಕೇಳಿದರು: ನಾವು ಬಿಗಿ ಮಾಡಿದರೆ ಮಾಲೆಲ್ಲ ಮಕಾವಿಗೆ ಹೋಗುತ್ತದೆ, ಅಲ್ಲಿ ಪೋರ್ಚುಗೀಸರು ಸುಮ್ನೆ ಇರುತ್ತಾರೆ, ನಮಗೆ ನಷ್ಟ. ಆದ್ದರಿಂದ ಮಕಾವೂ ಇದೇ ನಿಯಮಕ್ಕೆ ಒಪ್ಪಿದರೆ ಮಾತ್ರ ಈ ಒಪ್ಪಂದ. ನ್ಯಾಯವಾದ ಷರತ್ತೇ. ಆದರೆ ಏನಾಯಿತು ನೋಡಿ. ಮೇಜಿಗೆ ಕರೆಯದೇ ಇದ್ದವನ ಕೈಗೆ ಬೀಗದ ಕೈ ಹೋಯಿತು. ಸಹಿಯಾಗಿದ್ದು 1886ರ ಸೆಪ್ಟೆಂಬರ್ 11ರಂದು. ಜಾರಿಗೆ ಬರಬೇಕಾದರೆ ಪೋರ್ಚುಗಲ್ ಹೂಂ ಅನ್ನಬೇಕು. ಹಾರ್ಟ್ ತನ್ನ ಲಂಡನ್ ಕಚೇರಿಯ ಜೇಮ್ಸ್ ಡಂಕನ್ ಕ್ಯಾಂಬೆಲ್‌ನನ್ನು ಲಿಸ್ಬನ್ನಿಗೆ ಕಳಿಸಿದ. 1887ರ ಮಾರ್ಚ್ 26ರಂದು ಅಲ್ಲಿ ಸಹಿಯಾದ ಕಾಗದದಲ್ಲಿ ಪೋರ್ಚುಗಲ್‌ಗೆ ಸಿಕ್ಕಿದ್ದು ಮಕಾವಿನಲ್ಲಿ ಶಾಶ್ವತವಾಗಿ ನೆಲೆಸಿ ಆಳುವ ಹಕ್ಕು. ಚೀನಾಕ್ಕೆ ಸಿಕ್ಕಿದ್ದು ಅಫೀಮಿನ ಸಹಕಾರ, ಮತ್ತು ತನ್ನ ಒಪ್ಪಿಗೆ ಇಲ್ಲದೆ ಮಕಾವನ್ನು ಬೇರೆಯವರಿಗೆ ಕೊಡಬಾರದು ಎಂಬ ಮಾತು. ಅದೇ ವರ್ಷ ಡಿಸೆಂಬರ್ 1ರಂದು ಪೀಕಿಂಗಿನಲ್ಲಿ ಪೂರ್ತಿ ಒಪ್ಪಂದವಾಯಿತು. ಮಕಾವಿನ ಗಡಿ ಎಲ್ಲಿಯವರೆಗೆ ಎಂದು ಅದರಲ್ಲೂ ಬರೆಯಲಿಲ್ಲ, ಆಮೇಲೆ ನೋಡೋಣ ಎಂದು ಬಿಟ್ಟರು. ಕ್ಯಾಂಟನ್ನಿನ ವೈಸ್‌ರಾಯ್ ಝಾಂಗ್ ಝಿಡೊಂಗ್ ಇದನ್ನೆಲ್ಲ ಬಲವಾಗಿ ವಿರೋಧಿಸಿದ. ನನಗೆ ಅವನ ಮಾತೇ ಸರಿ ಅನ್ನಿಸುತ್ತದೆ. ಸುಂಕದ ವಸೂಲಿ ಸಲೀಸಾಗಲಿ ಎಂದು ನೆಲದ ಹಕ್ಕನ್ನು ಬರೆದುಕೊಟ್ಟದ್ದು ದುಬಾರಿ ವ್ಯಾಪಾರ.

ಹಾಗಾಗಿ ಆಟದಲ್ಲಿ ನಾನು ಐದನೆಯ ಕುರ್ಚಿಯೊಂದನ್ನು ಬಾಗಿಲ ಹೊರಗೆ ಇಡುತ್ತೇನೆ. ಅದರಲ್ಲಿ ಪೋರ್ಚುಗಲ್. "ಮಕಾವು ಒಪ್ಪಿದರೆ ಮಾತ್ರ" ಎಂದು ಬರೆದ ಕ್ಷಣ ಅವನು ಒಳಗೆ ಬಂದು ತನಗೆ ಬೇಕಾದ್ದನ್ನು ಕೇಳಬಹುದು. ಹಾರ್ಟ್ ಆಡುವವರೇ, ಆ ಷರತ್ತಿಗೆ ಒಂದು ಗಡುವು ಸೇರಿಸಿ: ಇಷ್ಟು ತಿಂಗಳಲ್ಲಿ ಮಕಾವು ಒಪ್ಪದಿದ್ದರೆ ಮೊದಲು ಹಾಂಗ್‌ಕಾಂಗಿನಲ್ಲಿ ಶುರು ಮಾಡಿ ನೋಡೋಣ ಎಂದು. ರಸೆಲ್ ಒಪ್ಪಲಿಕ್ಕಿಲ್ಲ. ಆದರೂ ಕೇಳಿ.

ಇದೇ ಕಾಲದಲ್ಲಿ ನಮ್ಮ ಗಡಿಯಲ್ಲಿ ಬೇರೆ ದಾರಿ ಹಿಡಿದಿದ್ದರು. 1878ರ ಒಪ್ಪಂದದ ಪ್ರಕಾರ ಗೋವಾದ ಸುಂಕದ ವ್ಯವಸ್ಥೆಯನ್ನು ಬ್ರಿಟಿಷ್ ಇಂಡಿಯಾದ ಜೊತೆ ಸೇರಿಸಿ, ಬದಲಿಗೆ ಗೋವಾಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡುತ್ತಿದ್ದರು. 1892ರ ಹೊತ್ತಿಗೆ ಅದು ಮುಗಿದುಹೋಯಿತು. ಅದು ಮುಂದುವರಿದಿದ್ದರೆ ಅಪ್ಪನಿಗೆ ಬೇರೆ ಕೆಲಸ ಹುಡುಕಬೇಕಿತ್ತು.

ಜರ್ಮನರು ಮಾಡಿದ್ದು ಮೂರನೆಯ ದಾರಿ, ಜಾಣತನದ್ದು. ಚೀನಾದ ಛಿಂಗ್‌ಡಾವ್ ಬಂದರನ್ನು ಗುತ್ತಿಗೆ ಹಿಡಿದ ಮರುವರ್ಷ, 1899ರ ಏಪ್ರಿಲ್‌ನಲ್ಲಿ, ಅದೇ ಹಾರ್ಟ್ ಜೊತೆ ಒಪ್ಪಂದ ಮಾಡಿಕೊಂಡು ಚೀನಾದ ಸುಂಕ ಕಚೇರಿಯನ್ನು ಬಂದರಿನ ಒಳಗೇ ಬಿಟ್ಟುಕೊಂಡರು. ಮುಖ್ಯ ಷರತ್ತು, ಕಮಿಷನರ್ ಜರ್ಮನ್ ಆಗಿರಬೇಕು. 1905ರಲ್ಲಿ ತಿದ್ದುಪಡಿ ಮಾಡಿ ಸುಂಕವಿಲ್ಲದ ಜಾಗವನ್ನು ಬಂದರಿನ ಕಟ್ಟೆಯ ಭಾಗಕ್ಕೆ ಇಳಿಸಿದರು, ಆಮದು ಸುಂಕದಲ್ಲಿ ನೂರಕ್ಕೆ 20 ಪಾಲು ತಮಗೆ ಬರುವ ಹಾಗೆ ಮಾಡಿಕೊಂಡರು. 1907ರಲ್ಲಿ ದಾಲಿಯನ್‌ನಲ್ಲಿ ಜಪಾನಿನವರೂ ಇದೇ ಅಚ್ಚು ಬಳಸಿದರು, ಕಮಿಷನರ್ ಮಾತ್ರ ಜಪಾನಿ. ಆಟದಲ್ಲಿ ರಸೆಲ್ ಕುರ್ಚಿಯವರು "ಒಳಗೆ ಬಿಡಲ್ಲ" ಎಂದು ಹಟ ಹಿಡಿದರೆ ಈ ಪಾಲಿನ ಲೆಕ್ಕ ಹೇಳಿ ನೋಡಿ, ಕೆಲವರು ಕರಗುತ್ತಾರೆ. 1886ರಲ್ಲಿ ಛಿಂಗ್‌ಡಾವ್ ಇನ್ನೂ ಆಗಿರಲಿಲ್ಲ ಎಂದು ತಕರಾರು ತೆಗೆಯುವ ಜಾಣ ವಿದ್ಯಾರ್ಥಿ ಪ್ರತಿ ವರ್ಷ ಒಬ್ಬ ಇರುತ್ತಾನೆ. ಅವನಿಗೆ ಒಂದು ಅಂಕ ಜಾಸ್ತಿ.

ಸಹಿಯಾದ ಮೇಲೂ ಎದ್ದು ಹೋಗಬೇಡಿ. ಒಪ್ಪಂದ ತಾನಾಗಿ ಕಾನೂನಾಗುವುದಿಲ್ಲ. ಹಾಂಗ್‌ಕಾಂಗ್ 1887ರಲ್ಲಿ ಅಫೀಮಿನ ಕಾಯ್ದೆ ಮಾಡಿದ ಮೇಲೆಯೇ ಒಂದು ಪೆಟ್ಟಿಗೆಯ ನಿಯಮಕ್ಕೆ ಜೀವ ಬಂದದ್ದು. ಆದ್ದರಿಂದ ಪ್ರತಿ ಕಲಮಿನ ಪಕ್ಕ ಪೆನ್ಸಿಲ್‌ನಲ್ಲಿ ಬರೆಯಿರಿ: ಇದಕ್ಕೆ ಯಾರು ಕಾನೂನು ಮಾಡಬೇಕು, ಯಾರು ಆದೇಶ ಹೊರಡಿಸಬೇಕು.

ಅಷ್ಟು ಮುಗಿದ ಮೇಲೆ ಮಕ್ಕಳು ಚಹಾಕ್ಕೆ ಏಳುತ್ತಾರೆ. ನಾನು ಆಗ ನಕ್ಷೆಯನ್ನು ಮತ್ತೆ ಮೇಜಿನ ಮೇಲೆ ಹರಡಿ, ಕೆಂಪು ಪೆನ್ನಿನಿಂದ ಕೌಲೂನಿನ ಮೇಲಿನ ಪ್ರದೇಶಕ್ಕೂ ಸುತ್ತಲಿನ ದ್ವೀಪಗಳಿಗೂ ಒಂದು ದೊಡ್ಡ ಗೆರೆ ಎಳೆಯುತ್ತೇನೆ. 1898ರ ಜೂನ್ 9. ಬ್ರಿಟಿಷರು ಇಷ್ಟನ್ನೂ 99 ವರ್ಷಕ್ಕೆ ಗುತ್ತಿಗೆ ಹಿಡಿದರು. ಮಾ ವಾನ್, ಚೆಂಗ್ ಚಾವ್, ಫಾಟ್ ತಾವ್ ಚಾವ್, ಕೌಲೂನ್ ಕೋಟೆ, ನಾಲ್ಕೂ ಚುಕ್ಕಿ ಈಗ ಗೆರೆಯ ಒಳಗೆ. 1899ರಲ್ಲಿ ಆ ಕಟ್ಟೆಗಳನ್ನೆಲ್ಲ ಎತ್ತಿ ಹೊಸ ಗಡಿಯ ಆಚೆಗೆ ಸಾಗಿಸಬೇಕಾಯಿತು. ಗಡಿ ಸರಿದರೆ ಏನು ಎಂಬ ಕಲಮು ನಿಮ್ಮ ಕಾಗದದಲ್ಲಿ ಇದೆಯಾ ಎಂದು ಕೇಳುತ್ತೇನೆ. ಇಲ್ಲದಿದ್ದರೆ ಚಹಾ ಕುಡಿದು ಬನ್ನಿ, ಕುರ್ಚಿ ಅಲ್ಲೇ ಇರಲಿ.